ಸ್ಪಾಸಂ ಎಂದರೆ ಸೆಳವು

ನಾನು ಲಿಂಗಸುಗೂರಿನಲ್ಲಿ ಲೆಕ್ಕ ಕಲಿಸುತ್ತಿದ್ದ ಕಾಲಕ್ಕೆ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ಒಬ್ಬ ಸಾಹೇಬರು. ಅವರ ಹೆಸರು ಇಲ್ಲಿ ಬೇಡ. ಬದುಕಿದ್ದಾಗಲೂ ಅವರನ್ನು ಹೆಸರು ಹಿಡಿದು ಯಾರೂ ಕರೆದದ್ದಿಲ್ಲ. ‘ಇಂಗ್ಲಿಷ್ ಸಾಹೇಬರ ಮನೆ’ ಅಂದರೆ ಸಾಕಿತ್ತು, ಟಾಂಗಾದವನು ಬಾಗಿಲಿಗೆ ತಂದು ಇಳಿಸುತ್ತಿದ್ದ. ರಾಯಚೂರು ಜಿಲ್ಲೆ ಮೈಸೂರಿಗೆ ಸೇರಿದ ವರ್ಷ, ಆ ಸಂಭ್ರಮದ ಮಾವಿನ ತೋರಣ ಇನ್ನೂ ಬಾಗಿಲುಗಳ ಮೇಲೆ ಒಣಗುತ್ತಿದ್ದಾಗ, ಅವರು ಮಸ್ಕಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಅವರ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಲೆಕ್ಕದ ಮನುಷ್ಯನಿಗೆ ವಾಕ್ಯ ಕೂಡಿಬರುವುದು ಕಷ್ಟ ಅನ್ನುವುದು ಒಂದು ನೆಪ. ನಿಜವೇನೆಂದರೆ ಅವರನ್ನು ನೆನೆದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ. ಈ ಎರಡರ ನಡುವೆ ಪೆನ್ನು ಹಿಡಿಯುವುದಕ್ಕೆ ಪುರಸತ್ತೇ ಸಿಗುವುದಿಲ್ಲ.

ಎತ್ತರದ ಆಳು, ಬೆನ್ನು ತುಸು ಬಾಗಿತ್ತು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಕಪ್ಪು ಶೇರ್ವಾನಿ. ನಮ್ಮ ಕಡೆಯ ಬೇಸಿಗೆಯಲ್ಲೂ ಅದೇ. ಒಂದು ಜೇಬಿನಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಅಗಿಯಲು ಬಡೇಸೋಪು. ಮಾತಿನ ಭರದಲ್ಲಿ ಜೇಬು ತಪ್ಪಿ ಸೀಮೆಸುಣ್ಣವನ್ನೇ ಬಾಯಿಗೆ ಹಾಕಿಕೊಂಡು ಮುಖ ಸಿಂಡರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಕ್ಷರವೆಂದರೆ ಮುತ್ತು ಪೋಣಿಸಿದ ಹಾಗೆ. ಅವರ ತರಗತಿ ಮುಗಿದ ಮೇಲೆ ನನ್ನದು ಬರುತ್ತಿತ್ತು. ಹಲಗೆಯ ಮೇಲೆ ಅವರು ಬರೆದದ್ದನ್ನು ಒರೆಸಲು ಮನಸ್ಸಾಗದೆ, ಮೂಲೆಯಲ್ಲಿ ಇಷ್ಟೇ ಜಾಗದಲ್ಲಿ ಭಾಗಾಕಾರ ಮಾಡಿಸಿ ಮುಗಿಸಿದ ದಿನಗಳೂ ಉಂಟು.

ಅವರಿಗೊಂದು ಹುಚ್ಚು. ಯಾವ ಶಬ್ದ ಕಿವಿಗೆ ಬಿದ್ದರೂ ಅದರ ಊರು ಯಾವುದೆಂದು ವಿಚಾರಿಸಲೇಬೇಕು. ಒಂದು ಸಂಜೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆವು. ಕೆಲಸದವನು ನೀರಿನ ಬಾಲ್ದಿ ತಂದಿಟ್ಟ.

“ಈ ಬಾಲ್ದಿ ಎಲ್ಲಿಂದ ಬಂತಪಾ?” ಎಂದು ಸಾಹೇಬರು ಕೇಳಿದರು.

“ಬಾವಿಯಿಂದ್ರಿ.”

“ಅಲ್ಲೋ, ಪೋರ್ಚುಗಾಲಿನಿಂದ!”

“ನಂಗೇನ್ ಗೊತ್ರಿ, ನಾ ಬಾವಿಯಿಂದಾನೇ ತಂದೀನಿ,” ಎಂದು ಆತ ಹೆದರಿಕೊಂಡು ಮಾಲಕನ ಮುಖ ನೋಡಿದ. ಕದ್ದ ಬಾಲ್ದಿ ಎಂದು ಯಾರೋ ಚಾಡಿ ಹೇಳಿದ್ದಾರೆಂದು ತಿಳಿದನೋ ಏನೋ.

ಚಾವಿ ಎಂಬುದೂ ಹಾಗೆಯೇ ಸಮುದ್ರ ದಾಟಿ ಬಂದ ಶಬ್ದವಂತೆ. ಬೀಗಕ್ಕೆ ನಮ್ಮ ಕಡೆ ಕೀಲಿ ಎನ್ನುತ್ತಾರೆ. “ಚಾವಿ ಹಡಗ ಹತ್ತಿ ಬಂದೈತಿ, ಕೀಲಿ ಈ ದೇಶದ್ದು. ಎರಡೂ ಕೂಡಿ ನಮ್ಮ ಮನಿ ಕಾಯಾಕತ್ತಾವ ನೋಡ್ರಿ, ಲೆಕ್ಕದ ಮಾಸ್ತರ್ರ,” ಎನ್ನುತ್ತಿದ್ದರು. ಇದರಿಂದ ಯಾರಿಗೇನು ಲಾಭ ಎಂದು ನಾನು ಕೆಣಕಿದರೆ ಅವರ ಉತ್ತರ ಸಿದ್ಧವಾಗಿತ್ತು. “ಊರು ಕೇಳದ ಹೆಣ್ಣು ಕೊಡ್ತೀರೇನು? ಊರು ಕೇಳದ ಶಬ್ದ ಯಾಕ ಬಾಯಾಗ ಹಾಕ್ಕೋತೀರಿ?”

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮೇಲೆ ನಮ್ಮ ಸೀಮೆಯ ಎಷ್ಟೋ ಮುಸಲ್ಮಾನ ನೌಕರರು ಹೈದರಾಬಾದಿಗೆ ಹೋದರು. ಕೆಲವರು ಅಲ್ಲಿಂದಲೂ ಆಚೆ ಹೋದರು. ಸಾಹೇಬರ ತಮ್ಮನೂ ಹೋದ. ಹೋಗುವಾಗ ಅಣ್ಣನನ್ನು ಬಹಳ ಕರೆದನಂತೆ. ಆ ದಿನಗಳಲ್ಲಿ ಅವರು ಏನು ಕಂಡರು, ಎಷ್ಟು ಅಂಜಿದರು, ನನ್ನ ಮುಂದೆ ಒಮ್ಮೆಯೂ ಬಾಯಿ ಬಿಡಲಿಲ್ಲ. ಶಾಲೆ ಮತ್ತೆ ತೆರೆದ ದಿನ ಬಡೇಸೋಪು ಅಗಿಯುತ್ತಾ ಬಂದು ಹಾಜರಿಗೆ ಸಹಿ ಹಾಕಿದರು. “ಶಬ್ದ ಊರು ಬಿಟ್ಟು ತಿರಗತಾವ್ರಿ. ನಂಗ ಆಗಂಗಿಲ್ಲ,” ಎಂದದ್ದಷ್ಟೇ.

ಅಲ್ಲಿಯವರೆಗೆ ನಮ್ಮಲ್ಲಿ ಎಲ್ಲ ಪಾಠವೂ ಉರ್ದುವಿನಲ್ಲಿ. ಇಂಗ್ಲಿಷ್ ಶಬ್ದಕ್ಕೂ ಉರ್ದುವಿನಲ್ಲೇ ಅರ್ಥ ಹೇಳಬೇಕು. ಈಗ ಕನ್ನಡದಲ್ಲಿ ಹೇಳಬೇಕೆಂದು ಹುಕುಂ ಬಂತು. ಸಾಹೇಬರಿಗೆ ಹುಟ್ಟಿದಾಗಿನಿಂದ ಕನ್ನಡ ಬಾಯಲ್ಲಿತ್ತು, ಸಂತೆಯ ಕನ್ನಡ, ಹೊಲದ ಕನ್ನಡ. ಅಕ್ಷರ ಬರುತ್ತಿರಲಿಲ್ಲ, ಪುಸ್ತಕದ ಶಬ್ದಗಳು ಗೊತ್ತಿರಲಿಲ್ಲ. ತಲೆ ನರೆತ ಆ ಮನುಷ್ಯ ಬಗಲಲ್ಲಿ ಪಾಟಿ ಇಟ್ಟುಕೊಂಡು ನಮ್ಮ ಮನೆಗೆ ಬಂದು, ನನ್ನ ಮಗಳ ಪಕ್ಕದಲ್ಲಿ ಕೂತು ಕಾಗುಣಿತ ತಿದ್ದಿದರು. ಒತ್ತಕ್ಷರ ತಪ್ಪಿದರೆ ಅವಳು “ಇಶ್ಶೀ, ಹಂಗಲ್ರಿ ಸಾಹೇಬ್ರ” ಎನ್ನುತ್ತಿದ್ದಳು. ಇವರು ತಮ್ಮ ಕಿವಿಯನ್ನು ತಾವೇ ಹಿಡಿದುಕೊಳ್ಳುತ್ತಿದ್ದರು. ಆ ಅಕ್ಷರವೂ ಬೇಗನೆ ಮುತ್ತಾಯಿತು.

ಇನ್ನು ತಲೆಬರಹದ ಆ ಶಬ್ದದ ವಿಚಾರ. ಮೇಲಿನ ತರಗತಿಯ ಇಂಗ್ಲಿಷ್ ಪಾಠವೊಂದರಲ್ಲಿ ಹೊಳೆ ಈಜುವವನೊಬ್ಬನ ಕಥೆ ಇತ್ತು. ನಡುನೀರಿನಲ್ಲಿ ಅವನ ಕಾಲಿಗೆ ‘ಸ್ಪಾಸಂ’ ಬಂದು ಅವನು ಮುಳುಗುತ್ತಾನೆ. ಸ್ಪಾಸಂ ಎಂದರೆ ಏನು? ಉರ್ದುವಿನಲ್ಲಿ ಸಾಹೇಬರಿಗೆ ಗೊತ್ತಿತ್ತು, ತಶನ್ನುಜ್. ಅದನ್ನು ಹೇಳಿದರೆ ಹುಡುಗರು ಮಿಕಿಮಿಕಿ ನೋಡಿದರು. ಶಾಲೆಯ ಡಿಕ್ಷನರಿ ಸಣ್ಣದು; ಅದರಲ್ಲಿ ಅರ್ಥವಿತ್ತು, ಮೂಲವಿರಲಿಲ್ಲ. ಆ ಭಾನುವಾರ ಊರಿಗೆ ಹೋದವರು ಮಸ್ಕಿಯ ಒಬ್ಬ ವೈದ್ಯರನ್ನು ಕೇಳಿದರು. ಕೈಕಾಲು ಇದ್ದಕ್ಕಿದ್ದಂತೆ ಸೆಟೆದುಕೊಂಡು ಒದ್ದಾಡುವ ಬೇನೆಗೆ ಶಾಸ್ತ್ರದಲ್ಲಿ ಏನನ್ನುತ್ತಾರೆ? ವೈದ್ಯರು ತಮಗೆ ತಿಳಿದಂತೆ ಉತ್ತರ ಕೊಟ್ಟರು: “ಅಪಸ್ಮಾರ.”

ಸೋಮವಾರ ಅವರು ಶಾಲೆಗೆ ನಡೆದು ಬರಲಿಲ್ಲ, ಹಾರಿಕೊಂಡು ಬಂದರು. ನನ್ನ ತರಗತಿಯ ಬಾಗಿಲಲ್ಲಿ ನಿಂತು, “ಲೆಕ್ಕದ ಮಾಸ್ತರ್ರ, ಸಿಕ್ತು! ಊರು ಸಿಕ್ತು!” ಎಂದು ಕೂಗಿದರು. ಪಕ್ಕದ ಕೋಣೆಯ ಹಲಗೆಯ ಮೇಲೆ ಒಂದು ಕಡೆ ಸ್ಪಾಸಂ, ಇನ್ನೊಂದು ಕಡೆ ಅಪಸ್ಮಾರ ಬರೆದರು. ಮುಂದೆ ಒಂದು ಅಕಾರ, ಹಿಂದೆ ಒಂದು ರಕಾರ ಕಳಚಿದರೆ ಉಳಿಯುವುದು ಪಸ್ಮಾ. ಅದೇ ಸ್ಪಾಸಂ! ಮೊದಲಿನ ಸಕಾರ ಎಲ್ಲಿಂದ ಬಂತೆಂದು ಮುಂದಿನ ಸಾಲಿನ ಹುಡುಗನೊಬ್ಬ ಕೇಳಿದ. “ಅದು ಹಡಗಿನ್ಯಾಗ ಹತ್ಕೊಂಡೈತಿ,” ಎಂದರು. ತರಗತಿಯೆಲ್ಲ ನಕ್ಕಿತು. ಹಾಗೆ ಕೇಳಿದ ಹುಡುಗ ನಗಲಿಲ್ಲ, ಬರೆದುಕೊಂಡ. ಅವನು ಮಸ್ಕಿಯವನೇ, ನೇಕಾರರ ಮನೆಯವನು, ತಂದೆ ಇಲ್ಲದವನು. ಸಾಹೇಬರ ಬಾಯಿಂದ ಬಿದ್ದದ್ದನ್ನೆಲ್ಲ ಹೆಕ್ಕಿಕೊಳ್ಳುವ ಸ್ವಭಾವದವನು. ನಾನು ಸಂಸ್ಕೃತ ಬಲ್ಲವನಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೂ ಇಂಗ್ಲೆಂಡಿನ ಶಬ್ದವೊಂದು ನಮ್ಮ ವೈದ್ಯರ ಪಡಸಾಲೆಯಲ್ಲಿ ಸಿಕ್ಕಿತೆಂದು ಅವತ್ತು ನನಗೂ ಹೆಮ್ಮೆಯಾಗಿತ್ತು.

ಕೆಲವು ವರ್ಷ ಕಳೆದವು. ಸಿಂಧನೂರಿನ ಕಡೆ ಕಾಲುವೆ ಅಗೆಯುವ ಕೆಲಸ ಜೋರಾಗಿ ನಡೆದಿತ್ತು. ನಮ್ಮ ಹುಡುಗರಲ್ಲಿ ಕೆಲವರು ಅಲ್ಲಿ ಮೇಸ್ತ್ರಿಗಳಾದರು, ಕೆಲವರು ಹೊಲಕ್ಕೆ ಮರಳಿದರು. ಮುಂದಿನ ಸಾಲಿನ ಆ ನೇಕಾರರ ಹುಡುಗ ಲಿಂಗಸುಗೂರಿನಲ್ಲೇ ಶಿಕ್ಷಣ ಖಾತೆಯ ಕಚೇರಿಯಲ್ಲಿ ಗುಮಾಸ್ತನಾದ. ಕಾಯಂ ಆಗಿರಲಿಲ್ಲ. ಅವನ ನೌಕರಿಯ ಮೇಲೆ ತಾಯಿ, ಇಬ್ಬರು ತಂಗಿಯರು ಉಣ್ಣುತ್ತಿದ್ದರು. ನೌಕರಿ ಸಿಕ್ಕ ದಿನ ಪೇಢಾ ಹಿಡಿದುಕೊಂಡು ಬಂದು ಮೊದಲು ಸಾಹೇಬರ ಕಾಲು ಮುಟ್ಟಿದ.

ಆಮೇಲೆ ಸಾಹೇಬರ ಕೈ ಕೆಟ್ಟಿತು. ಬೇರೆ ಯಾವ ಕೆಲಸಕ್ಕೂ ತೊಂದರೆಯಿಲ್ಲ. ರೊಟ್ಟಿ ಮುರಿಯಬಲ್ಲರು, ಶೇರ್ವಾನಿಯ ಗುಂಡಿ ಹಾಕಬಲ್ಲರು. ಬರೆಯಲು ಹೋದರೆ ಮಾತ್ರ ಬಲಗೈಯ ಪೆನ್ನು ಹಿಡಿಯುವ ಬೆರಳು ಮೂರೂ ಒಳಕ್ಕೆ ಮಡಚಿ ಬಿಗಿದುಕೊಳ್ಳುತ್ತಿದ್ದವು. ಸೀಮೆಸುಣ್ಣ ಪುಡಿಯಾಗಿ ಕೆಳಗೆ ಬೀಳುತ್ತಿತ್ತು. ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿಕೊಳ್ಳುತ್ತಾ, ಹಲಗೆಯ ಕಡೆ ಮುಖ ಮಾಡಿ ನಿಂತೇ ಇರುತ್ತಿದ್ದರು. ಆ ಬೆನ್ನು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅವರ ಮನೆಯಾಕೆಯನ್ನು ನಾನು ಭಾಬಿ ಎಂದು ಕರೆಯುತ್ತಿದ್ದೆ. ಅವರು ದಖನಿಯಲ್ಲಿ “ಹಾತ್ ಖಿಂಚ್‌ರಾ” ಎನ್ನುತ್ತಾ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದರು. ನನಗೆ ಕನ್ನಡದಲ್ಲಿ, “ಅಣ್ಣಾರ, ಕೈ ಸೆಳ್ಯಾಕತ್ತೈತ್ರಿ ಇವರ್ದು. ರಜಾ ಹಾಕಂದ್ರ ಕೇಳವಲ್ರು. ನೀವರ ಹೇಳ್ರಿ,” ಎಂದರು.

ನಾನೇ ಒತ್ತಾಯ ಮಾಡಿ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಒಳ್ಳೆಯವರು. ಬರವಣಿಗೆ ಹೆಚ್ಚಾದವರಿಗೆ ಹೀಗಾಗುತ್ತದೆ, ಕೈಗೆ ಒಂದಷ್ಟು ದಿನ ವಿಶ್ರಾಂತಿ ಕೊಟ್ಟರೆ ಸಡಿಲಾಗಬಹುದು ಎಂದರು. ಇಂಗ್ಲಿಷಿನಲ್ಲಿ ಚೀಟಿ ಬರೆದರು: ಬಲಗೈಯ ಸ್ಪಾಸಂ, ರಜೆ ಕೊಡತಕ್ಕದ್ದು. ಮೇಲಿನ ಕಚೇರಿಯ ಹಳೆಯ ಮಂದಿಗೆ ಇಂಗ್ಲಿಷ್ ಬಾರದ ಕಾರಣ ಇಂಥ ಕಾಗದದ ಜೊತೆ ಕನ್ನಡ ತರ್ಜುಮೆಯನ್ನೂ ಹಚ್ಚುವ ರೂಢಿ ಇತ್ತು. ತರ್ಜುಮೆ ಮಾಡುವ ಕೆಲಸ ನಮ್ಮ ಆ ಗುಮಾಸ್ತನದು. ತನ್ನ ಗುರುಗಳ ಕಾಗದ! ಬೇರೆಯವರಿಗೆ ಕೊಡದೆ, ತಾನೇ ಕೂತು ಅಂದವಾಗಿ ಬರೆದ. ‘ಕೈ ಸೆಳವು’ ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಅದು ತೀರಾ ಓಣಿಯ ಮಾತಾಯಿತು, ಸಾಹೇಬರಂಥವರಿಗೆ ತಕ್ಕ ಶಬ್ದವಿರಬೇಕು ಎಂದು ಅವನಿಗೆ ಅನ್ನಿಸಿತಂತೆ. ತಕ್ಕ ಶಬ್ದವನ್ನು ಸಾಹೇಬರೇ ಹಲಗೆಯ ಮೇಲೆ ಬರೆದು ಕಲಿಸಿದ್ದರಲ್ಲ! ‘ಇವರಿಗೆ ಅಪಸ್ಮಾರ ಇರುವುದರಿಂದ’ ಎಂದು ಬರೆದ.

ಅಪಸ್ಮಾರವೆಂದರೆ ಮೂರ್ಛೆರೋಗ. ಉರ್ದು ಮಂದಿಯ ಮಿರ್ಗಿ. ಮೂರ್ಛೆರೋಗದ ಮನುಷ್ಯ ಮಕ್ಕಳ ಮುಂದೆ ನಿಂತು ಪಾಠ ಹೇಳುವುದು ಸರಿಯಲ್ಲ, ವಿಚಾರಣೆ ಆಗುವವರೆಗೆ ಅವರನ್ನು ತರಗತಿಗೆ ಬಿಡಬೇಡಿ ಎಂದು ಮೇಲಿನಿಂದ ಹುಕುಂ ಬಂತು. ಅದು ಬರುವ ಮೊದಲೇ ಕಚೇರಿಯ ಬಾಗಿಲಿನಿಂದ ಸುದ್ದಿ ಹೊರಬಿದ್ದು ಊರು ಸುತ್ತಿತ್ತು. ಒಂದು ದಿನ ಪಾಠದ ನಡುವೆ ಸಾಹೇಬರ ಬೆರಳು ಬಿಗಿದುಕೊಂಡಾಗ ತರಗತಿಯ ಮಾನಿಟರ್ ಓಡಿಹೋಗಿ ಜವಾನನ ಚಾವಿಗೊಂಚಲು ತಂದು ಅವರ ಮುಷ್ಟಿಯೊಳಗೆ ತುರುಕಿದ. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುವುದು ನಮ್ಮ ಕಡೆಯ ಪದ್ಧತಿ. ಇನ್ನೊಬ್ಬ ಮೂಗಿಗೆ ಹಿಡಿಯಲು ಉಳ್ಳಾಗಡ್ಡಿ ಹುಡುಕುತ್ತಿದ್ದ. ಸಾಹೇಬರು ಚಾವಿಗೊಂಚಲನ್ನೇ ನೋಡುತ್ತಾ, “ಕೀಲಿ ಎಲ್ಲಿ ಐತಪಾ?” ಎಂದು ನಗಲು ನೋಡಿದರು. ಯಾರೂ ನಗಲಿಲ್ಲ. ಮಕ್ಕಳ ಮುಖದ ಮೇಲಿನ ಹೆದರಿಕೆ ನೋಡಿ ಅವರ ನಗು ಅಲ್ಲೇ ನಿಂತಿತು. ಶಿಕ್ಷಕರ ಕೋಣೆಗೆ ಬಂದು ನನ್ನ ಎದುರು ಕೂತರು. “ಮಕ್ಕಳು ಅಂಜಾಕತ್ಯಾವ್ರಿ ನನಗ,” ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಮೊದಲ ಸಲ ಕೇಳಿದೆ.

ಮರುದಿನವೇ ಹುಕುಂ ಕೈಸೇರಿತು. ತರ್ಜುಮೆಯಲ್ಲಿ ಏನು ಬರೆದಿದೆ ಎಂಬುದು ಆಗಲೇ ನಮಗೆ ಗೊತ್ತಾದದ್ದು. ಸಾಹೇಬರು ಕಾಗದ ಓದಿದರು, ಮತ್ತೆ ಓದಿದರು. ನಾನು ಕಿಡಿಕಿಡಿಯಾಗಿದ್ದೆ. ಅವರು ಮಾತ್ರ ಏನನ್ನೋ ಹುಡುಕುವವರಂತೆ ಎದ್ದು, “ಡಾಕ್ಟರ್ ಹತ್ರ ದೊಡ್ಡ ಡಿಕ್ಷನರಿ ಇರ್ತೈತಿ, ಬರ್ರಿ,” ಎಂದರು. ದವಾಖಾನೆಯಲ್ಲಿ ಡಾಕ್ಟರು ತಮ್ಮ ವೈದ್ಯಕೀಯ ನಿಘಂಟು ತೆರೆದು ತೋರಿಸಿದರು. ಸ್ಪಾಸಂ ಗ್ರೀಕರ ಶಬ್ದ. ಅಲ್ಲಿಂದ ಲ್ಯಾಟಿನ್, ಫ್ರೆಂಚ್ ಹಾದು ಇಂಗ್ಲಿಷಿಗೆ ಬಂದಿದೆ. ಅದರ ಮೂಲದ ಅರ್ಥ ಎಳೆಯುವುದು, ಸೆಳೆಯುವುದು. ಅಪಸ್ಮಾರಕ್ಕೂ ಅದಕ್ಕೂ ನೆಂಟಸ್ತನವಿಲ್ಲ. ಅಪಸ್ಮಾರದೊಳಗೆ ಇರುವುದು ಸ್ಮರಣೆ, ಅದು ತಪ್ಪಿ ಹೋಗುವ ಬೇನೆ ಎಂದು ನಮ್ಮ ಶಾಲೆಯ ಕನ್ನಡ ಪಂಡಿತರು ಆಮೇಲೆ ಬಿಡಿಸಿ ಹೇಳಿದರು.

ದವಾಖಾನೆಯ ಕಟ್ಟೆಯ ಮೇಲೆ ಸಾಹೇಬರು ಬಹಳ ಹೊತ್ತು ಕೂತರು. “ಸೆಳವು ಅಂತ ನಮ್ಮ ಮಂದಿ ಅಂತಾರ. ಖಿಂಚ್‌ರಾ ಅಂತ ನಮ್ಮನ್ಯಾಕಿ ಅಂತಾಳ. ಗ್ರೀಕ್ ಮಂದೀನೂ ಅದನ್ನ ಅಂದಾರ. ನಾ ಒಬ್ಬವನ ಊರು ತಪ್ಪಿ ಹೋದ್ನೆಲ್ರಿ,” ಎಂದರು. ಮನೆಗೆ ಹೋಗಿ ಭಾಬಿಗೆ, “ನೀ ಅಂದದ್ದು ಗ್ರೀಕ್!” ಎಂದು ಹೇಳಿದರು. “ಹಾಯ್ ಅಲ್ಲಾ, ನಾ ಯಾರಿಗೂ ಏನೂ ಅಂದಿಲ್ರಿ!” ಎಂದು ಆಕೆ ನನ್ನ ಕಡೆ ನೋಡಿದರು. ಅದೇನೋ ಬೈಗುಳ ಎಂದು ತಿಳಿದಿದ್ದರು. ಆ ಮನೆಯಲ್ಲಿ ನಾವು ಮೂವರೂ ಕೂಡಿ ನಕ್ಕದ್ದು ಅದೇ ಕಡೆಯ ಸಲ.

ವಿಚಾರಣೆಗೆ ದೊಡ್ಡ ಹುದ್ದೆಯ ಅಧಿಕಾರಿಯೊಬ್ಬರು ಲಿಂಗಸುಗೂರಿಗೆ ಬರುವವರಿದ್ದರು. ಅದಕ್ಕೆ ಮುಂಚೆ ನಾನು ನಮ್ಮ ಸಾಹೇಬರಿಗೆ ಸಾರಿ ಸಾರಿ ಹೇಳಿದೆ. “ಸಾಹೇಬ್ರ, ಹೆಚ್ಚು ಮಾತು ಬ್ಯಾಡ. ಚೀಟಿನ್ಯಾಗ ಸ್ಪಾಸಂ ಅಂತ ಐತಿ, ಗುಮಾಸ್ತ ತಪ್ಪು ಬರ್ದಾನ ಅಂತ ಹೇಳಿ ಸುಮ್ಮನಾಗ್ರಿ. ರಜಾ ಸಿಗತೈತಿ. ಕೈ ನೆಟ್ಟಗಾದ ಮ್ಯಾಲೆ ಮತ್ತ ಕ್ಲಾಸಿಗೆ ಬರ್ತೀರಿ.”

“ಆ ಹುಡುಗನ ನೌಕರಿ?”

“ಅದು ಅವನ ಹಣೆಬರ. ತಪ್ಪು ಮಾಡಿದವ ಅವ.”

ಅವರು ಜೇಬಿನಿಂದ ಬಡೇಸೋಪು ತೆಗೆದು ನನ್ನ ಕೈಗೂ ಒಂದಿಷ್ಟು ಹಾಕಿದರು. ನನಗೆ ಅದು ಒಪ್ಪಿಗೆಯಂತೆ ಕಂಡಿತ್ತು. ಅವರಿಗೆ ಬೇಕಾಗಿದ್ದದ್ದು ತರಗತಿಯೊಂದೇ. ಮಕ್ಕಳಿರಲಿಲ್ಲ, ಹೊಲವಿರಲಿಲ್ಲ, ತಮ್ಮ ದೇಶಾಂತರ ಹೋಗಿದ್ದ. ಹುಡುಗರ ಮುಂದೆ ನಿಂತು ಶಬ್ದದ ಊರು ಹೇಳುವುದು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಬದುಕೇ ಇರಲಿಲ್ಲ. ಅದನ್ನು ಯಾರಾದರೂ ಕೈಯಾರೆ ಕಳೆದುಕೊಳ್ಳುತ್ತಾರೆಯೇ ಎಂದುಕೊಂಡಿದ್ದೆ.

ಅಧಿಕಾರಿ ಬಂದರು. ಹೊಸಬರು, ಕೆಟ್ಟವರೇನಲ್ಲ. ಹೆಡ್ ಮಾಸ್ತರರ ಕೋಣೆಯಲ್ಲಿ ಡಾಕ್ಟರ ಚೀಟಿಯನ್ನೂ ತರ್ಜುಮೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಇಂಗ್ಲಿಷ್ ಬಲ್ಲವರು, ತಪ್ಪು ತಕ್ಷಣ ಗೊತ್ತಾಯಿತು. ಗೋಡೆಗೆ ಒರಗಿ ನಿಂತಿದ್ದ ಗುಮಾಸ್ತನ ಕಡೆ ತಿರುಗಿ, “ಕೈ ಸೆಟೆದರೆ ಮೂರ್ಛೆರೋಗ ಅಂತ ಯಾವನಯ್ಯ ನಿನಗೆ ಹೇಳಿದವನು? ಇಂಥವರನ್ನು ಕಟ್ಟಿಕೊಂಡು ಕಚೇರಿ ನಡೆಸಬೇಕಾ?” ಎಂದು ಗದರಿದರು. ಹುಡುಗನ ಮುಖದಲ್ಲಿ ರಕ್ತವಿರಲಿಲ್ಲ.

ಸಾಹೇಬರು ಎದ್ದು ನಿಂತರು. “ನಾನ್ರಿ,” ಎಂದರು.

“ನೀವೇನು?”

“ಅವನಿಗೆ ಹೇಳಿದವ ನಾನ್ರಿ. ಸ್ಪಾಸಂ ಅಂದ್ರ ಅಪಸ್ಮಾರ ಅಂತ ಹಲಗಿ ಮ್ಯಾಲೆ ಬರೆದು ಕಲಿಸೀನಿ. ಅವ ಬರೆದದ್ದು ನನ್ನ ಪಾಠ. ಪಾಠ ತಪ್ಪು, ಹುಡುಗ ತಪ್ಪಿಲ್ಲ.”

ನಾನು ಬಾಗಿಲ ಬಳಿ ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಅಧಿಕಾರಿ ಕಾಗದಗಳನ್ನು ಮಡಚಿಟ್ಟು, ಮೆಲ್ಲನೆ ಮಾತಾಡಿದರು. ನಿಮಗೆ ಮೂರ್ಛೆರೋಗ ಇಲ್ಲ, ಒಪ್ಪಿದೆ. ಆದರೆ ಕೈ ಬರೆಯುವುದಿಲ್ಲ. ಕಲಿಸಿದ ಇಂಗ್ಲಿಷ್ ತಪ್ಪೆಂದು ನೀವೇ ಬಾಯಾರೆ ಹೇಳುತ್ತಿದ್ದೀರಿ. ಪದವಿ ಮಾಡಿದ ಹೊಸಬರು ಕೆಲಸಕ್ಕೆ ಕಾದು ನಿಂತಿದ್ದಾರೆ. ಮುಂಚೆಯೇ ವಜೀಫಾ ತೆಗೆದುಕೊಂಡು ವಿಶ್ರಾಂತಿ ಪಡೆಯಿರಿ, ಅದೇ ಗೌರವ. ವಜೀಫಾ ಎಂದರೆ ಆಗಿನ ಮಾತಿನಲ್ಲಿ ಪಿಂಚಣಿ. ಸಾಹೇಬರು ತಲೆಯಾಡಿಸಿದರು. ಗುಮಾಸ್ತನನ್ನು ಅಧಿಕಾರಿ ಬರೀ ಎಚ್ಚರಿಕೆ ಕೊಟ್ಟು ಬಿಟ್ಟರು.

ಹೊರಗೆ ಬೇವಿನ ಗಿಡದ ಕೆಳಗೆ ನಾನು ಅವರನ್ನು ಹಿಡಿದು ನಿಲ್ಲಿಸಿ ಬಾಯಿಗೆ ಬಂದಂತೆ ಅಂದೆ. ನಿಮ್ಮ ಬುದ್ಧಿಗೆ ಏನಾಗಿದೆ, ಭಾಬಿಯ ಮುಖ ನೋಡಬೇಕಿತ್ತು, ಇಂಥ ದೊಡ್ಡತನ ಯಾರಿಗೆ ಬೇಕಾಗಿತ್ತು ಎಂದು. ಅವರು ಮಡಚಿದ ಕೈಯನ್ನು ಶೇರ್ವಾನಿಯ ಜೇಬಿನಲ್ಲಿಟ್ಟುಕೊಂಡು, “ದೊಡ್ಡಸ್ತನ ಅಲ್ರಿ. ನಾ ಹೇಳಿದ್ದ ನಿಜಾನ ಐತೆಲ್ರಿ,” ಎಂದರು. ಮರುದಿನ ಅವರ ಪಾಠದ ಹೊತ್ತಿಗೆ ಬೇರೊಬ್ಬರು ಹೋದರು. ಹಲಗೆಯ ಮೇಲಿನ ಅಕ್ಷರ ಅಳಿಸಲು ಆಗ ನನಗೆ ಯಾವ ಸಂಕಟವೂ ಆಗಲಿಲ್ಲ.

ಮಸ್ಕಿಗೆ ಹೋಗಿ ಸುಮ್ಮನೆ ಕೂತಿದ್ದರೆ ಈ ಚಿತ್ರ ಇಲ್ಲಿಗೆ ಮುಗಿಯುತ್ತಿತ್ತು. ಅವರು ಕೂರಲಿಲ್ಲ. ಸ್ಪಾಸಂ ಪಾಠ ಕೇಳಿದ ಆ ತರಗತಿಯ ಹುಡುಗರನ್ನೆಲ್ಲ ಹುಡುಕಿಕೊಂಡು ಹೊರಟರು. ಬಸ್ಸಿನಲ್ಲಿ, ಬಂಡಿಯಲ್ಲಿ, ಎಷ್ಟೋ ಕಡೆ ನಡೆದುಕೊಂಡು. ಯಾಕೆ ಎಂದು ಕೇಳಿದೆ. “ಕೊಟ್ಟ ಮಾಲು ಖೊಟ್ಟಿ ಅಂತ ಗೊತ್ತಾದ ಮ್ಯಾಲೆ ಅಂಗಡಿಯವ ವಾಪಸ್ ತಗೋಬೇಕೋ ಬ್ಯಾಡೋ?” ಎಂದರು.

ನಾನು ಸಿಂಧನೂರಿನ ಕಡೆಯವನಾದ್ದರಿಂದ ಒಂದು ರಜೆಯಲ್ಲಿ ಜೊತೆಗೆ ಹೋದೆ. ಸಿಂಧನೂರಿನಲ್ಲಿ ಒಬ್ಬ ಅರಿವೆ ಅಂಗಡಿ ಇಟ್ಟಿದ್ದ. ಗುರುಗಳನ್ನು ಕಂಡು ಗಾದಿ ಬಿಟ್ಟು ಇಳಿದು ಬಂದು, ಸೋಡಾ ತರಿಸಿ, ಕಾಣಿಕೆ ಕೊಡಲೆಂದು ಹೊಸ ಧೋತರಗಳ ಗಂಟು ಬಿಚ್ಚಿ ಮುಂದಿಟ್ಟ. ಸಾಹೇಬರು ಅದನ್ನು ಸರಿಸಿ, ಸ್ಪಾಸಂ ಎಂದರೆ ಅಪಸ್ಮಾರವಲ್ಲ, ಗ್ರೀಕ್ ಶಬ್ದ, ಸೆಳೆಯುವುದು ಎಂದು ಅರ್ಥ ಎಂದು ವಿವರಿಸಿದರು. ಅವನು ಕೈಕಟ್ಟಿ ಕೇಳಿ, “ಆತ್ರಿ ಮಾಸ್ತರ್ರ. ಮತ್ತೇನರ ಅಪ್ಪಣಿ ಐತೇನ್ರಿ?” ಎಂದ. ನಾವು ಮೆಟ್ಟಿಲು ಇಳಿಯುವಾಗ ಪಕ್ಕದ ಅಂಗಡಿಯವನಿಗೆ ಕಣ್ಣು ಮಿಟುಕಿಸಿದ್ದು ನನಗೆ ಕಾಣಿಸಿತು.

ಅಲ್ಲಿಂದ ವಳಕಮದಿನ್ನಿಗೆ. ಇನ್ನೊಬ್ಬ ಹೊಲದಲ್ಲಿ ಬೆಳೆಯ ಸಾಲುಗಳ ನಡುವೆ ಎಡೆ ಹೊಡೆಯುತ್ತಿದ್ದ. ಎತ್ತು ನಿಲ್ಲಿಸಿ ಬಂದು ಪಾದ ಹಿಡಿದ. ಸಾಹೇಬರು ಬದುವಿನ ಮೇಲೆ ನಿಂತು ಇಡೀ ಪಾಠ ಹೇಳಿದರು.

“ಮಾಸ್ತರ್ರ, ನಂಗ ಎಬಿಸಿಡೀನ ಮರ್ತು ಹೋಗೇತ್ರಿ,” ಎಂದ ಅವನು, ನಾಚಿಕೊಂಡು. “ಯಾವ ಶಬ್ದ ಅಂದ್ರಿ?”

ಬುತ್ತಿ ತಂದಿದ್ದ ಅವನ ಹೆಂಡತಿ ಸೆರಗು ಸರಿಮಾಡಿಕೊಂಡು ಕೇಳಿದಳು: “ಯಪ್ಪಾ, ನಮ್ಮತ್ತಿಗೆ ಕಾಲು ಭಾಳ ಸೆಳೀತಾವ. ಏನರ ಔಷಧ ಐತೇನ್ರಿ ನಿಮ್ಮ ಹತ್ರ?”

ಅವಳು ಕೊಟ್ಟ ರೊಟ್ಟಿ, ಪುಂಡಿಪಲ್ಯ ತಿಂದು ಮರಳಿದೆವು. ಎಲ್ಲ ಕಡೆಯೂ ಹೀಗೆಯೇ. ಪ್ರೀತಿ ಇತ್ತು, ಮರ್ಯಾದೆ ಇತ್ತು, ಶಬ್ದ ಮಾತ್ರ ಯಾರ ಬಳಿಯೂ ಇರಲಿಲ್ಲ. ತಪ್ಪಾಗಿಯೂ ನೆನಪಿರಲಿಲ್ಲ. ಹೀಗೆ ಬಿಸಿಲಲ್ಲಿ ಅಲೆದೂ ಅಲೆದೂ ಸಾಹೇಬರು ಎದೆ ಹಿಡಿದುಕೊಂಡು ಮಲಗಿದರು, ಮತ್ತೆ ಏಳಲಿಲ್ಲ.

ಮಸ್ಕಿಯ ಖಬರಸ್ತಾನಕ್ಕೆ ಮಂದಿ ಬಹಳ ಬಂದಿತ್ತು. ಮಣ್ಣು ಕೊಟ್ಟು ಎಲ್ಲರೂ ಚದುರಿದ ಮೇಲೆ ಗೋಡೆಯ ಆಚೆಯಿಂದ ಆ ಗುಮಾಸ್ತ ಬಂದ. ಆಗ ಅವನ ನೌಕರಿ ಕಾಯಂ ಆಗಿತ್ತು. ವಿಚಾರಣೆಯ ದಿನದಿಂದ ಅವನು ಸಾಹೇಬರ ಎದುರಿಗೆ ಬಂದವನಲ್ಲ. ದೂರದಲ್ಲಿ ಕಂಡರೆ ಸಂದಿ ಹೊಕ್ಕುಬಿಡುತ್ತಿದ್ದ. ನನಗೆ ಅವನ ಮುಖ ನೋಡಲೂ ಇಷ್ಟವಿರಲಿಲ್ಲ. ಅವನೇ ಹತ್ತಿರ ಬಂದು ನಿಂತ.

“ಮಾಸ್ತರ್ರ, ಅವ್ರು ನಮ್ಮ ಕ್ಲಾಸಿನ ಎಲ್ಲಾರ ಮನೀಗೂ ಹೋಗಿದ್ರಂತ. ನನ್ನ ಮನೀಗೆ ಒಂದ ಬರಲಿಲ್ರಿ. ನಾ ದಿನಾ ಬಾಗಿಲ ಕಾದೀನಿ. ಬಂದು ಎರಡು ಏಟು ಹಾಕಿದ್ರ ನಿಶ್ಚಿಂತಿಯಿಂದ ಇರ್ತಿದ್ದೆ. ಅಷ್ಟು ಸಿಟ್ಟಿತ್ತೇನ್ರಿ ನನ್ನ ಮ್ಯಾಲೆ?”

ಹೌದು ಎಂದುಬಿಡಬೇಕು ಎನ್ನಿಸಿತು. ನನ್ನ ಸಿಟ್ಟಿಗೆ ಅಷ್ಟಾದರೂ ಸಿಗಲಿ ಎನ್ನಿಸಿತು. ಆದರೆ ಹಾಸಿಗೆ ಹಿಡಿದಿದ್ದಾಗ ನಾನೇ ಸಾಹೇಬರನ್ನು ಇದೇ ಮಾತು ಕೇಳಿದ್ದೆ. ಎಲ್ಲರನ್ನೂ ಹುಡುಕಿಕೊಂಡು ಹೋದಿರಿ, ತಪ್ಪು ಕಲಿತು ನಿಮ್ಮ ಕುತ್ತಿಗೆ ಕೊಯ್ದವನ ಮನೆಗೆ ಮಾತ್ರ ಯಾಕೆ ಹೋಗಲಿಲ್ಲ ಎಂದು. ಅವರು ಹೇಳಿದ್ದನ್ನು ಇದ್ದ ಹಾಗೆಯೇ ಅವನಿಗೆ ಹೇಳಿದೆ.

“ಅವನ ಮನೀಗೆ ಯಾವ ಬಾಯಿಲೆ ಹೋಗ್ಲ್ರಿ? ಇಡೀ ಕ್ಲಾಸಿನ್ಯಾಗ ನನ್ನ ಪಾಠ ನೆನಪಿಟ್ಟವ ಅವನೊಬ್ಬನ. ಅವನ ಮುಂದ ನಿಂತು, ಮರತು ಬಿಡೋ ಅನ್ನಲೇನು?”